ಹಸಿರು ತಂತಿಗೆ ನೇರಳೆ ಗೀಟು

ಬೆಂಗಳೂರಿನ ಜೆ.ಸಿ. ರಸ್ತೆ ಪಕ್ಕದ ಓಣಿ. ಹಳೆಯ ಮಾರಿಸ್ ಮೈನರ್ ಕಾರಿನಡಿ ಮಲಗಿದ್ದ ಎಲೆಕ್ಟ್ರಿಷಿಯನ್ ಅಜ್ಜನ ಕಾಲಷ್ಟೇ ಕಾಣುತ್ತಿತ್ತು. “ಟಾರ್ಚ್ ಸ್ವಲ್ಪ ಈ ಕಡೆ ಹಿಡೀರಿ ಸಾರ್.” ಬಗ್ಗಿದೆ. ಬ್ರೇಕ್ ಲೈಟ್ ಹತ್ತುತ್ತಿರಲಿಲ್ಲ.

ಈ ಕಾರಿನ ಬ್ರೇಕ್ ಲೈಟ್ ಸ್ವಿಚ್ಚು ಪೆಡಲಿನ ಹತ್ತಿರ ಇಲ್ಲ. ಬ್ರೇಕ್ ಆಯಿಲ್ ಹರಿಯುವ ಪೈಪಿಗೇ ತಿರುಗಿಸಿ ಕೂರಿಸಿದ ಪುಟ್ಟ ಗುಂಡಿ ಅದು. ಪೆಡಲ್ ಒತ್ತಿದಾಗ ಏರುವ ಒತ್ತಡ ಒಳಗಿನ ತೆಳು ಪೊರೆಯನ್ನು ನೂಕುತ್ತದೆ, ಕಾಂಟ್ಯಾಕ್ಟುಗಳು ಕೂಡುತ್ತವೆ. 12 ವೋಲ್ಟಿನಲ್ಲಿ 21 ವಾಟಿನ ಎರಡು ಬಲ್ಬು, ಅಂದರೆ ಸುಮಾರು ಮೂರೂವರೆ ಆಂಪಿಯರ್ ಆ ಚೂರು ಲೋಹದ ಮೇಲೇ ದಾಟಬೇಕು. ಪಾಪ, ಅದು ಸುಡದೆ ಇನ್ನೇನು ಮಾಡೀತು!

ಫ್ಯೂಸಿನಿಂದ ಬರುವ ತಂತಿ ಬರೀ ಹಸಿರು. ದೀಪಕ್ಕೆ ಹೋಗುವುದು ಹಸಿರಿನ ಮೇಲೆ ನೇರಳೆ ಗೀಟು. ಬ್ರಿಟಿಷ್ ಕಾರುಗಳ ಲ್ಯೂಕಸ್ ಕಂಪನಿಯ ಬಣ್ಣದ ಕ್ರಮ. ಇಲ್ಲಿ ಬಟ್ಟೆ ಹೊದಿಕೆ ಮಾಸಿ ಎರಡೂ ಮಣ್ಣಿನ ಬಣ್ಣ. ಅಜ್ಜ ಹೆಬ್ಬೆರಳಿಗೆ ಎಂಜಲು ಹಚ್ಚಿ ಮೆಲ್ಲಗೆ ಉಜ್ಜಿದರು. ನೇರಳೆ ಎಳೆ ಹೊರಬಂತು. ನಿಜ ಹೇಳಬೇಕೆಂದರೆ, ಈ ಸ್ವಿಚ್ಚಿಗೆ ಯಾವ ತಂತಿ ಯಾವ ಕಡೆ ಕೊಟ್ಟರೂ ನಡೆಯುತ್ತದೆ. ಆದರೂ ಹುಡುಕಿದರು.

ಹಳೆಯ ತಾಮ್ರವನ್ನು ಬ್ಲೇಡಿನ ಬೆನ್ನಿನಿಂದ ಹೆರೆದು, ಎಳೆಗಳನ್ನು ಹೂಬತ್ತಿಯಂತೆ ಹೊಸೆದು, ತುದಿಗೆ ಸಾಲ್ಡರ್ ಕುಡಿಸಿದರು. ರಾಳದ ಹೊಗೆ ಮೂಗಿಗೆ ಬಡಿಯಿತು. ತಂತಿ ಜಗ್ಗದಂತೆ ಚೂರು ಸಡಿಲ ಬಿಟ್ಟು, ಪೈಪಿನ ಪಕ್ಕದಲ್ಲೇ ಕಟ್ಟಿದರು.

“ಈಗ ತುಳೀರಿ.”

ಹಿಂದಿನ ಸುಣ್ಣದ ಗೋಡೆ ಕೆಂಪಾಯಿತು.