ಮಬ್ಬು ಪ್ರತಿಯೂ ಮೂಲಕೃತಿಯೂ

ಓಲೆಗರಿಯನ್ನು ಹುಳು ತಿಂದರೆ ಕಾವ್ಯದ ಅರ್ಥವೂ ಕೆಡುವುದೆಂಬುದನ್ನು ಗ್ರಂಥಸಂಪಾದಕರು ಬಲ್ಲರು. ಚಲಚ್ಚಿತ್ರಕ್ಕೂ ಈ ಮಾತು ಸಲ್ಲುವುದು. ತೈವಾನಿನ ನಿರ್ದೇಶಕ ಎಡ್ವರ್ಡ್ ಯಾಂಗರ ‘ಎ ಬ್ರೈಟರ್ ಸಮ್ಮರ್ ಡೇ’ (1991) ಎಂಬ ಚಿತ್ರವೇ ಇದಕ್ಕೆ ನಿದರ್ಶನ. 1961ರಲ್ಲಿ ತೈಪೆ ನಗರದಲ್ಲಿ ಬಾಲಕನೊಬ್ಬನು ಬಾಲಿಕೆಯೊಬ್ಬಳನ್ನು ಕೊಂದ ನಿಜಸಂಗತಿಯೇ ಇದರ ವಸ್ತುವಿಗೆ ಮೂಲ. ಅವಧಿ ಸುಮಾರು ನಾಲ್ಕು ಗಂಟೆ. ಬಹುಕಾಲದವರೆಗೆ ಇದನ್ನು ಮನೆಯಲ್ಲಿ ನೋಡಬಯಸಿದ ರಸಿಕರಿಗೆ ಅರಸಿ ಅರಸಿ ದೊರೆಯುತ್ತಿದ್ದುದು ಮಬ್ಬಾದ ವಿಡಿಯೋ ಪ್ರತಿಗಳು ಮಾತ್ರ.

ಇದರಿಂದಾದ ಹಾನಿಯು ಕಣ್ಣಿನ ಸುಖಕ್ಕಷ್ಟೇ ಸೇರಿದುದಲ್ಲ. ಕಥಾನಾಯಕನು ಚಿತ್ರಶಾಲೆಯಿಂದ ಕದ್ದ ಟಾರ್ಚೊಂದನ್ನು ಹಿಡಿದು ಇರುಳಿನಲ್ಲಿ ಅಲೆಯುವನು. ಕೊಲೆಗೆ ಮುನ್ನ ಅದನ್ನು ಚಿತ್ರಶಾಲೆಯಲ್ಲಿಯೇ ಬಿಟ್ಟುಹೋಗುವನು. ಬೆಳಕನ್ನು ತೊರೆದವನು ಕತ್ತಲೆಯ ಪಾಲಾದನೆಂಬುದೇ ಕೃತಿಯ ಹೃದಯ. ಇರುಳಿನ ದೃಶ್ಯಗಳೆಲ್ಲವೂ ಒಂದೇ ಮಸಿಯಾಗಿ ತೋರುವ ಪ್ರತಿಯಲ್ಲಿ ಆ ಕಿರುಬೆಳಕಿಗೆ ಬೆಲೆಯೆಲ್ಲಿಯದು? ಅಸ್ಪಷ್ಟತೆಯ ದೋಷವನ್ನು ನೋಡಿದವರು ಕವಿಯ ಮೇಲೆ ಹೊರಿಸಿದರೆ ಆಶ್ಚರ್ಯವಿಲ್ಲ.

2009ರಲ್ಲಿ ಮಾರ್ಟಿನ್ ಸ್ಕಾರ್ಸೇಸಿಯವರು ಸ್ಥಾಪಿಸಿದ ವರ್ಲ್ಡ್ ಸಿನಿಮಾ ಫೌಂಡೇಶನ್ ಇದರ ಜೀರ್ಣೋದ್ಧಾರ ಮಾಡಿಸಿತು. 2016ರಲ್ಲಿ ಅಮೆರಿಕೆಯ ಕ್ರೈಟೀರಿಯನ್ ಸಂಸ್ಥೆಯು ಡಿಸ್ಕಿನ ರೂಪದಲ್ಲಿ ಹೊರತಂದಿತು. 2007ರಲ್ಲಿಯೇ ತೀರಿಕೊಂಡ ಯಾಂಗರು ಇದನ್ನು ಕಾಣಲಿಲ್ಲ.

ಮಬ್ಬು ಪ್ರತಿಗಳು ಕೃತಿಯ ಹೆಸರನ್ನು ಅಳಿಯಗೊಡದೆ ಕಾಪಾಡಿದುವು. ಆ ಉಪಕಾರವನ್ನು ಮರೆಯಲಾಗದು. ಆದರೆ ಹೆಸರು ಉಳಿದ ಮಾತ್ರಕ್ಕೆ ಕೃತಿ ಉಳಿದಂತಾಗದು. ಶುದ್ಧಪಾಠವನ್ನು ಕಾಣುವ ಮೊದಲು ಕೃತಿಯ ಗುಣದೋಷಗಳನ್ನು ತೀರ್ಮಾನಿಸುವುದು ವಿಮರ್ಶಕಧರ್ಮವಲ್ಲ.