ಹಂಸಕ್ಷೀರ ನ್ಯಾಯವೂ ಅಂಗೈಯ ಪರದೆಯೂ

ಸಾಮಾಜಿಕ ಮಾಧ್ಯಮಗಳ ವಿಷಯವಾಗಿ ಧರ್ಮಸಭೆಗಳಲ್ಲಿ ಮಾತು ಬಂದಾಗಲೆಲ್ಲ ಕೊನೆಗೆ ದೊರೆಯುವ ಸಮಾಧಾನವೊಂದುಂಟು: ಅದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ, ಹಂಸವು ನೀರನ್ನುಳಿದು ಹಾಲನ್ನಷ್ಟೇ ಹೀರುವಂತೆ ವಿವೇಕಿಯು ಒಳ್ಳೆಯದನ್ನು ಆಯ್ದುಕೊಂಡರಾಯಿತು. ಕಿವಿಗೆ ಹಿತವಾದ ಈ ಮಾತು ಪರೀಕ್ಷೆಗೆ ನಿಲ್ಲುವುದೇ ಎಂಬುದನ್ನು ವಿಚಾರಿಸಬೇಕಾಗಿದೆ. ಹಂಸದ ಮುಂದಿರುವುದು ಒಂದು ಪಾತ್ರೆ. ಪಾತ್ರೆಗೆ ಅಂಚುಂಟು, ತಳವುಂಟು. ಅಂಗೈಯ ಪರದೆಗೆ ಅವೆರಡೂ ಇಲ್ಲ.

ಇದು ಆಕಸ್ಮಿಕವಲ್ಲ. ಬೆರಳು ಸರಿಸಿದಷ್ಟೂ ಪುಟ ಮುಗಿಯದಿರುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಅಮೆರಿಕದ ಏಜಾ ರಸ್ಕಿನ್ ಅವರು ಅನಂತರ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟಿದ್ದಾರೆ. ಗ್ರಂಥದಲ್ಲಿ ಅಧ್ಯಾಯ ಮುಗಿದಾಗ ಓದುಗನು ತಲೆಯೆತ್ತುತ್ತಾನೆ. ಇನ್ನೂ ಓದಬೇಕೇ, ಸಾಕೇ ಎಂದು ಆ ಕ್ಷಣದಲ್ಲಿ ತನ್ನನ್ನು ಕೇಳಿಕೊಳ್ಳುತ್ತಾನೆ. ವಿವೇಕವು ಕೆಲಸ ಮಾಡುವುದು ಆ ಬಿಡುವಿನಲ್ಲಿ. ಆ ಬಿಡುವನ್ನೇ ತೆಗೆದುಹಾಕಿದ ಬಳಿಕ ವಿವೇಕದಿಂದ ಆಯ್ದುಕೊಳ್ಳಿ ಎಂದು ಉಪದೇಶಿಸುವುದು, ಕಣ್ಣು ಕಟ್ಟಿ ದಾರಿ ತೋರಿಸಿದಂತೆ. ಮಾಹಿತಿಯ ಸಮೃದ್ಧಿಯು ಗಮನದ ದಾರಿದ್ರ್ಯವನ್ನು ತರುತ್ತದೆಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಷ್ಟು ಹಿಂದೆಯೇ ಪ್ರತಿಪಾದಿಸಿದ್ದರು. ಹಾಲನ್ನೂ ನೀರನ್ನೂ ಬೇರ್ಪಡಿಸುವುದಕ್ಕೇ ಇಡೀ ಆಯುಷ್ಯ ವ್ಯಯವಾದರೆ ಹಂಸವು ಹಾಲು ಕುಡಿಯುವುದಾದರೂ ಎಂದು?

ಹೀಗಿದ್ದರೂ ಜನರು ಇಲ್ಲಿ ಏನೋ ಒಂದು ಬೆಲೆಯನ್ನು ಕಾಣುತ್ತಿದ್ದಾರೆ ಎಂಬುದು ಸುಳ್ಳಲ್ಲ. ಆ ಬೆಲೆ ಎಂಥದೆಂಬುದನ್ನು ಅಳೆಯುವ ಯತ್ನಗಳೂ ನಡೆದಿವೆ. ಅಮೆರಿಕದಲ್ಲಿ 2018ರ ಚುನಾವಣೆಗೆ ಮುನ್ನ ಅರ್ಥಶಾಸ್ತ್ರಜ್ಞರ ತಂಡವೊಂದು ಸುಮಾರು 2,700 ಮಂದಿಯನ್ನು ಪರಿಶೀಲಿಸಿತು. ಅವರಲ್ಲಿ ಒಂದು ಭಾಗದ ಜನ ಹಣ ಪಡೆದು ನಾಲ್ಕು ವಾರ ಫೇಸ್‌ಬುಕ್ಕನ್ನು ತೊರೆದರು. ತೊರೆದವರ ಸಂತೋಷ ತುಸು ಹೆಚ್ಚಿತು, ಮನೆಮಂದಿಯೊಡನೆ ಕಳೆದ ಕಾಲ ಹೆಚ್ಚಿತು, ರಾಜಕೀಯದ ಕಾವು ತಗ್ಗಿತು. ಆದರೆ ಸುದ್ದಿಯ ತಿಳಿವು ಕಡಿಮೆಯಾಯಿತು. ಅವಧಿ ಮುಗಿದ ಮೇಲೂ ಅನೇಕರು ಮೊದಲಿನಷ್ಟು ಅತ್ತ ತಿರುಗಲಿಲ್ಲ. 2023ರಲ್ಲಿ ಅಲ್ಲಿಯ ಕಾಲೇಜು ವಿದ್ಯಾರ್ಥಿಗಳನ್ನು ಕುರಿತು ಪ್ರಕಟವಾದ ಇನ್ನೊಂದು ಅಧ್ಯಯನ ಇದಕ್ಕಿಂತ ಮಾರ್ಮಿಕವಾದುದು. ತಾನೊಬ್ಬನೇ ಟಿಕ್‌ಟಾಕ್ ಬಿಡಬೇಕಾದರೆ ವಿದ್ಯಾರ್ಥಿಯು ಹಣ ಕೇಳುತ್ತಾನೆ. ತನ್ನೊಡನೆ ಸಹಪಾಠಿಗಳೆಲ್ಲರೂ ಬಿಡುವುದಾದರೆ ತಾನೇ ಹಣ ತೆರಲು ಸಿದ್ಧನಾಗುತ್ತಾನೆ! ಎಂದರೆ ಅವನು ಬೆಲೆ ಕಟ್ಟುತ್ತಿರುವುದು ಪರದೆಯ ಮೇಲಿನ ವಸ್ತುವಿಗಲ್ಲ. ಎಲ್ಲರೂ ಇರುವಲ್ಲಿ ತಾನಿಲ್ಲದಿರುವ ಭಯಕ್ಕೆ. ಭಯಕ್ಕೆ ತೆರುವ ಕಪ್ಪವನ್ನು ಪ್ರಯೋಜನವೆಂದು ಎಣಿಸಿದರೆ ಲೆಕ್ಕ ತಪ್ಪಿದಂತೆಯೇ ಸರಿ.

ಶ್ರಾವಕಾಚಾರದ ಪರಿಭಾಷೆ ಈ ವಿಷಯದಲ್ಲಿ ಇಂದಿನ ಮನಶ್ಶಾಸ್ತ್ರಕ್ಕಿಂತ ಖಚಿತವಾಗಿದೆ ಎನ್ನಲಡ್ಡಿಯಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಪ್ರಕಾರಗಳಲ್ಲಿ ದುಃಶ್ರುತಿಯೂ ಒಂದು. ಕೇಳುವವನ ಚಿತ್ತವನ್ನು ರಾಗ, ದ್ವೇಷ, ಮದ, ಮಿಥ್ಯಾತ್ವಾದಿಗಳಿಂದ ಕಲುಷಿತಗೊಳಿಸುವುದನ್ನು ಕೇಳುವುದೇ ದುಃಶ್ರುತಿ. ಇಲ್ಲಿ ಗಮನಾರ್ಹವಾದ ಅಂಶವೆಂದರೆ, ಕೇಳಿದ್ದು ನಿಜವೋ ಸುಳ್ಳೋ ಎಂಬುದು ಆಚಾರ್ಯರ ಮುಖ್ಯ ಅಳತೆಗೋಲಲ್ಲ. ಕೇಳಿದ ಮನಸ್ಸು ಏನಾಯಿತು ಎಂಬುದು ಅಳತೆಗೋಲು. ಸುಳ್ಳು ಸುದ್ದಿಯನ್ನು ಶೋಧಿಸಿ ತೆಗೆದರೆ ಸಾಕೆಂದು ಭಾವಿಸುವ ಇಂದಿನ ಸುಧಾರಕರು ಈ ಭೇದವನ್ನು ಲಕ್ಷಿಸಬೇಕು. ನಿಜವಾದ ಸುದ್ದಿಯನ್ನೇ ದಿನಕ್ಕೆ ನೂರು ಸಲ ಕೆರಳುವಂತೆ ಉಣಬಡಿಸಿದರೂ ಅದು ದುಃಶ್ರುತಿಯೇ. 2018ರಲ್ಲಿ ಫೇಸ್‌ಬುಕ್ ಸಂಸ್ಥೆಯು ಅರ್ಥಪೂರ್ಣ ಒಡನಾಟಕ್ಕೆ ಆದ್ಯತೆ ಕೊಡುವುದಾಗಿ ಘೋಷಿಸಿ ತನ್ನ ಗಣನಕ್ರಮವನ್ನು ಬದಲಿಸಿತು. ಆ ಬದಲಾವಣೆ ಕೋಪವನ್ನೇ ಪೋಷಿಸುತ್ತಿದೆಯೆಂದು ಅದರ ಸ್ವಂತ ಸಂಶೋಧಕರೇ ಎಚ್ಚರಿಸಿದ್ದರೆಂಬುದು 2021ರಲ್ಲಿ ಹೊರಬಿದ್ದ ಕಡತಗಳಿಂದ ತಿಳಿಯಿತು. ಹೆಚ್ಚು ಪ್ರತಿಕ್ರಿಯೆ ಬಂದದ್ದೇ ಹೆಚ್ಚು ಅರ್ಥಪೂರ್ಣವೆಂದು ಯಂತ್ರವು ಎಣಿಸಿತು. ಕಷಾಯಕ್ಕೆ ಪ್ರತಿಕ್ರಿಯೆ ಬೇಗ; ಶಮಭಾವಕ್ಕೆ ಅದು ಇಲ್ಲವೇ ಇಲ್ಲ.

ಕನ್ನಡ ನಾಡು ಇದರ ಫಲವನ್ನು ಕಣ್ಣಾರೆ ಕಂಡಿದೆ. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರನ್ನು ಬಿಟ್ಟು ರೈಲು ಹತ್ತಿದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟ ಅಪರಿಚಿತರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್‌ನಲ್ಲಿ ಸಾರಿದುದರಿಂದ ಗುಂಪು ಸೇರಿ, ಹೈದರಾಬಾದಿನ ಯುವಕನೊಬ್ಬನ ಪ್ರಾಣವೇ ಹೋಯಿತು. ಸಂದೇಶವನ್ನು ಮುಂದೆ ಕಳಿಸಿದವರಲ್ಲಿ ಹೆಚ್ಚಿನವರು ಮಕ್ಕಳ ಹಿತವನ್ನೇ ಬಯಸಿದ್ದಿರಬೇಕು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂಬ ಕಟ್ಟನ್ನು ಪ್ರಕಟಿಸಿತು. 2019ರಲ್ಲಿ ಅದು ಜಗತ್ತಿಗೆಲ್ಲ ಅನ್ವಯವಾಯಿತು. 2020ರ ಏಪ್ರಿಲಿನಲ್ಲಿ, ಬಹಳ ಕೈ ದಾಟಿ ಬಂದ ಸಂದೇಶಕ್ಕೆ ಒಂದೇ ಕಡೆ ಎಂಬ ಮಿತಿ ಬಂದು, ಅಂಥ ಸಂದೇಶಗಳ ಸಂಚಾರ ಶೇ. 70ರಷ್ಟು ಇಳಿಯಿತೆಂದು ಸಂಸ್ಥೆಯೇ ಹೇಳಿತು. ಉಪದೇಶದಿಂದಾಗದ ಕೆಲಸ ಪರಿಮಾಣದಿಂದಾಯಿತು.

ಪರಿಮಾಣವೆಂಬ ಈ ಶಬ್ದ ಜೈನ ಗೃಹಸ್ಥನಿಗೆ ಹೊಸತಲ್ಲ. ಭೋಗೋಪಭೋಗ ಪರಿಮಾಣ ವ್ರತದಲ್ಲಿ ಆಚಾರ್ಯರು ಯಾವಜ್ಜೀವವಾದ ಯಮವನ್ನೂ ಕಾಲಮಿತಿಯುಳ್ಳ ನಿಯಮವನ್ನೂ ಬೇರೆಬೇರೆಯಾಗಿ ಹೇಳಿದ್ದಾರೆ. ಒಂದು ದಿನ, ಒಂದು ಪಕ್ಷ, ಒಂದು ಮಾಸ – ಶಕ್ತಿಯಿದ್ದಷ್ಟು. ಮೊಬೈಲನ್ನು ಬಾವಿಗೆಸೆಯಬೇಕೆಂದು ಗುಡುಗುವ ಭಾಷಣಕಾರರಿಗಿಂತ ಇದು ಎಷ್ಟೋ ಮನುಷ್ಯಸಹಜವಾದ ಕ್ರಮ. ಜೈನರು ಬಹುವಾಗಿ ನೆಲೆಸಿರುವ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ 7 ಗಂಟೆಗೆ ದೇವಾಲಯದಿಂದ ಸೈರನ್ ಮೊಳಗಿದೊಡನೆ ಒಂದೂವರೆ ಗಂಟೆ ಕಾಲ ಟಿ.ವಿ., ಮೊಬೈಲುಗಳನ್ನು ಬದಿಗಿಡುವ ಕಟ್ಟಳೆ ಮಾಡಿಕೊಂಡರು. ಮೇಲೆ ಹೇಳಿದ ವಿದ್ಯಾರ್ಥಿಗಳು ಬಯಸಿದ್ದೂ ಇದನ್ನೇ ಅಲ್ಲವೆ? ಒಬ್ಬನೇ ಬಿಡುವುದು ಕಷ್ಟ, ಊರೆಲ್ಲ ಬಿಟ್ಟರೆ ಸುಲಭ. ಪರ್ಯುಷಣದ ಉಪವಾಸಗಳೂ ಈ ಸಂಘಬಲದಿಂದಲೇ ನಡೆದುಬಂದಿವೆ.

ಇನ್ನು ಸಮಾಜದ ಒಳಗಣ ಮಾತು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಪ್ರಸಿದ್ಧ. ಇಂದು ಬೆಳಗಾಗುವಷ್ಟರಲ್ಲಿ ತೀರ್ಥಂಕರರ ಚಿತ್ರದ ಸುಪ್ರಭಾತ ಸಂದೇಶಗಳು ಅದಕ್ಕಿಂತ ಹೆಚ್ಚು ಕೈಗಳನ್ನು ಸೇರುತ್ತವೆ. ಕೆಲವರು ಇದನ್ನೂ ಶಾಸ್ತ್ರದಾನವೆಂದು ಕರೆಯತೊಡಗಿದ್ದಾರೆ. ಒಂದೊಂದು ಓಲೆಗೂ ಲಿಪಿಕಾರನ ಕಣ್ಣು, ಕೈ, ಅನ್ನ ವ್ಯಯವಾಗುತ್ತಿದ್ದುದರಿಂದ ಯಾವ ಕೃತಿ ಸಾವಿರ ಪ್ರತಿಗೆ ಅರ್ಹವೆಂಬುದನ್ನು ಅತ್ತಿಮಬ್ಬೆ ನಿರ್ಧರಿಸಬೇಕಾಗಿತ್ತು. ಕಳಿಸುವವನಿಗೆ ಏನೂ ವೆಚ್ಚವಾಗದೆ, ಪಡೆಯುವವನ ಗಮನ ಮಾತ್ರ ವೆಚ್ಚವಾಗುವುದನ್ನು ದಾನವೆನ್ನುವುದು ಹೇಗೆ?

ನಿಂದೆಯೊಂದೇ ನ್ಯಾಯವಲ್ಲ. ಮುನಿಸಂಘದ ವಿಹಾರ ಇಂದು ಎಲ್ಲಿಗೆ ಬಂತು, ಆಹಾರದ ವ್ಯವಸ್ಥೆ ಯಾರದು ಎಂದು ತಿಳಿಸುವ ಚಿಕ್ಕ ಗುಂಪುಗಳು, ರಕ್ತ ಬೇಕಾದಾಗ ಅರ್ಧ ಗಂಟೆಯಲ್ಲಿ ದಾನಿಯನ್ನು ಹುಡುಕಿಕೊಡುವ ಗುಂಪುಗಳು, 2020ರಲ್ಲಿ ಬಸದಿಗಳ ಬಾಗಿಲು ಮುಚ್ಚಿದ್ದಾಗ ವೃದ್ಧರ ಕಿವಿಗೆ ಪ್ರವಚನವನ್ನು ತಲುಪಿಸಿದ ಧ್ವನಿಮುದ್ರಿಕೆಗಳು – ಇವು ಬೆಲೆಯುಳ್ಳವು. ಇವೆಲ್ಲವುಗಳಲ್ಲಿ ಕಳಿಸುವವನಿಗೆ ಪಡೆಯುವವನು ಗೊತ್ತು, ಕೆಲಸ ಮುಗಿದರೆ ಮಾತೂ ಮುಗಿಯುತ್ತದೆ.

ಇದಕ್ಕೆ ತೀರ ವಿರುದ್ಧವಾದುದನ್ನು ಕಾಣಬೇಕಾದರೆ ಕ್ಷಮಾವಾಣಿಯ ದಿನದ ಮೊಬೈಲನ್ನು ನೋಡಬೇಕು. ಅರಿತೋ ಅರಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಬೇಡುವ, ಹೂಬಳ್ಳಿಯ ಅಂಚಿನ, ಯಾರೋ ರಚಿಸಿದ ಒಂದೇ ಚಿತ್ರ ಇನ್ನೂರು ಮುನ್ನೂರು ಮಂದಿಗೆ ಹೋಗುತ್ತದೆ, ಇನ್ನೂರು ಮುನ್ನೂರು ಮಂದಿಯಿಂದ ಬರುತ್ತದೆ. ಯಾರೂ ಯಾರದನ್ನೂ ಓದುವುದಿಲ್ಲ. ಓದಲು ಅಲ್ಲಿ ತಪ್ಪಿನ ಹೆಸರೂ ಇಲ್ಲ, ತಪ್ಪು ಮಾಡಿದವನ ಧ್ವನಿಯೂ ಇಲ್ಲ. ಹಿಂದೆ ಈ ದಿನ ಜನರು ಮನೆಮನೆಗೆ ಹೋಗಿ ಕೈಮುಗಿಯುತ್ತಿದ್ದರು. ಹೊಸ್ತಿಲಲ್ಲಿ ನಿಂತವನಿಗೆ ನಾಚಿಕೆಯೂ ಆಗುತ್ತಿತ್ತು, ಒಳಗಿನವನ ಮುಖ ಗಂಟಿಕ್ಕಿದ್ದೂ ಸಡಿಲಿಸಿದ್ದೂ ಕಾಣುತ್ತಿತ್ತು. ಆಸ್ತಿಯ ವ್ಯಾಜ್ಯದಲ್ಲಿ ಹತ್ತು ವರ್ಷ ಮಾತು ಬಿಟ್ಟ ಅಣ್ಣನಿಗೂ ತಮ್ಮನ ಚಿತ್ರ ತಲುಪುತ್ತದೆ, ಮುನ್ನೂರು ಹೆಸರುಗಳ ನಡುವೆ. ಅದು ತನಗಾಗಿಯೇ ಬಂದುದೋ, ಪಟ್ಟಿಯಲ್ಲಿ ತನ್ನ ಹೆಸರು ಅಳಿಸದೆ ಉಳಿದಿದ್ದರಿಂದ ಬಂದುದೋ ಎಂದು ಅಣ್ಣನಿಗೆ ತಿಳಿಯುವ ಬಗೆಯಿಲ್ಲ. ಅವನೂ ಕೈಮುಗಿದ ಒಂದು ಚಿತ್ರವನ್ನು ಒತ್ತಿ, ಮೊಬೈಲನ್ನು ಮೇಜಿನ ಮೇಲೆ ಮಗುಚಿಡುತ್ತಾನೆ.