ಅಪ್ಪನ ಉಯಿಲಿನ ಭಯ

ಗುರಪ್ಪನಪಾಳ್ಯದ ಪರಿಚಯದ ಹಿರಿಯರೊಬ್ಬರು ಹಳೆಯ ಮನೆ ಮಾರಿದರು. ಮಗನಿಗೆ ಅವನ ಪಾಲು ಈಗಲೇ ಕೊಡಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ಒದ್ದಾಡಿದರು. ಮಗನಿಗೆ 32 ವರ್ಷ. ‘ದುಡ್ಡು ಕಂಡರೆ ಹುಡುಗ ಕೆಟ್ಟುಹೋಗ್ತಾನೆ’ ಎಂಬುದು ಅವರ ಒಂದೇ ಮಾತು. ಅದನ್ನು ಕೇಳಿದಾಗಲೆಲ್ಲ ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ನೆನಪಾಗುತ್ತಿತ್ತು.

ಬೆಂಗಳೂರಿನ ಈ ನೀಳ್ಗತೆಯ ಅಪ್ಪ ಸೇಲ್ಸ್‌ಮನ್. ಸಂಜೆಯ ಲೆಕ್ಕ ತಾಳೆಯಾಗದಿದ್ದರೆ ಮನೆಯವರೆಲ್ಲ ಕೂತು ಹುಡುಕಬೇಕು. ಕೆಲಸ ಹೋದಾಗ ಕೈಗೆ ಬಂದ ಹಣ ಚಿಕ್ಕಪ್ಪನ ಸೋನಾ ಮಸಾಲಾಕ್ಕೆ ಬಂಡವಾಳವಾಗುತ್ತದೆ, ಮನೆ ಸಿರಿವಂತವಾಗುತ್ತದೆ. ಕಥೆ ಹೇಳುವ ಮಗ ಕಂಪನಿಯ ಡೈರೆಕ್ಟರ್. ಸಂಬಳವಿದೆ, ಕೆಲಸವಿಲ್ಲ. ಕಾಫಿ ಹೌಸಿನಲ್ಲಿ ಕೂತಿರುತ್ತಾನೆ.

ಅವನು ಕುಡುಕನಲ್ಲ, ಜೂಜುಕೋರನಲ್ಲ. ನಮ್ಮ ತಂದೆತಾಯಂದಿರು ಹೆದರುವುದು ದುಡ್ಡು ಉಡಾಯಿಸುವ ಮಗನಿಗೆ. ಶಾನಭಾಗರು ತೋರಿಸುವುದು, ದುಡ್ಡೆಲ್ಲ ಭದ್ರವಾಗಿದ್ದೂ ತಾನು ಬೆಳೆಯದೆ ಉಳಿದವನನ್ನು. ಕೆಟ್ಟದ್ದು ಏನೆಂದು ಹೊರಗಿನಿಂದ ಬಂದ ಹೆಂಡತಿ ಅನಿತಾಳಿಗೆ ಮದುವೆಯಾದ ಕೂಡಲೇ ಕಾಣುತ್ತದೆ, ಅವನಿಗೆ ಕಾಣುವುದಿಲ್ಲ.

ಇನ್ನೂ ದೊಡ್ಡ ತಿರುವು ಅಪ್ಪನದು. ಇಲ್ಲಿ ಅಪ್ಪ ಮಕ್ಕಳ ಬಗ್ಗೆ ಚಿಂತಿಸುವುದಕ್ಕಿಂತ ಹೆಚ್ಚಾಗಿ ಮನೆಯವರೇ ಅಪ್ಪನ ಬಗ್ಗೆ ಚಿಂತಿಸುತ್ತಾರೆ: ತನ್ನ ಪಾಲನ್ನೆಲ್ಲ ದಾನಕ್ಕೆ ಬರೆದುಬಿಟ್ಟರೆ? ನಮ್ಮ ಮನೆಗಳಲ್ಲಿ ಈ ಭಯಕ್ಕೆ ಇಷ್ಟು ಜಾಗವಿಲ್ಲ, ಶರೀಯತ್ತಿನಲ್ಲಿ ವಸೀಯತ್ತಿಗೆ ಸಿಗುವುದು ಮೂರನೇ ಒಂದು ಭಾಗ ಮಾತ್ರ. ಆದರೆ ಪಾಲು ಸಿಗುವುದು ಖಚಿತವಾದಷ್ಟೂ ಯೋಗ್ಯತೆಯ ಪ್ರಶ್ನೆ ಮರೆತುಹೋಗುತ್ತದೆ. ಅನಾಥರ ಆಸ್ತಿಯ ಬಗ್ಗೆ ಸೂರಃ ನಿಸಾ ಹೇಳುವಾಗ ವಯಸ್ಸಷ್ಟನ್ನೇ ನೋಡುವುದಿಲ್ಲ. ಮಕ್ಕಳನ್ನು ಪರೀಕ್ಷಿಸಿ, ‘ರುಶ್ದ್’, ಅಂದರೆ ವಿವೇಕ, ಕಂಡ ಮೇಲೆ ಒಪ್ಪಿಸಿ ಎನ್ನುತ್ತದೆ. ಪರೀಕ್ಷಿಸಬೇಕಾದರೆ ಮೊದಲು ಒಂದಿಷ್ಟು ಕೈಗೆ ಕೊಡಬೇಕಲ್ಲ!

ಒಂದು ಕೊರತೆ ನನ್ನನ್ನು ಕಾಡುತ್ತದೆ. ಈ ಅಪ್ಪನ ಅಳಲು ನಮಗೆ ಸರಿಯಾಗಿ ಕೇಳಿಸುವುದೇ ಇಲ್ಲ. ಮೊದಲ ಓದಿಗೆ ಇದು ಲೇಖಕರ ಜಿಪುಣತನ ಎನಿಸಿತ್ತು. ಎರಡನೆಯ ಓದಿಗೆ, ಅಪ್ಪನ ಮಾತಿಗೆ ಎಂದೂ ಕಿವಿಗೊಡದ ಮಗ ಅದನ್ನು ನಮಗೆ ಹೇಗೆ ತಲುಪಿಸಿಯಾನು ಎನಿಸಿತು. ಆದರೂ ಒಂದೆರಡು ಪುಟ ಬೇಕಿತ್ತು ಎಂಬ ಆಸೆ ಹೋಗಿಲ್ಲ.

ಕಥೆಯನ್ನು ಆ ಹಿರಿಯರಿಗೆ ದಖನಿಯಲ್ಲಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಆ ಅಪ್ಪ ಮಗನನ್ನು ಚಿಕ್ಕವಯಸ್ಸಿನಲ್ಲೇ ಗೋಡೌನಿಗೆ ಯಾಕೆ ಕಳಿಸಲಿಲ್ಲ ಬೇಟಾ?’ ಎಂದು ಕೇಳಿದರು.